ಮೈ ಬದಲಾಗುವ ಮೊದಲೇ ಹೇಳೋಣ

ಹರೆಯದ ಬಗ್ಗೆ ಮಕ್ಕಳ ಹತ್ತಿರ ಯಾವಾಗ ಮಾತಾಡಬೇಕು? ನಾವು ಬೆಳೆದ ಮನೆಗಳಲ್ಲಿ ಇದಕ್ಕಿದ್ದದ್ದು ಒಂದೇ ಉತ್ತರ. ಎಲ್ಲ ಆದ ಮೇಲೆ. ಹುಡುಗಿಗೆ ಮೊದಲ ಮುಟ್ಟು ಬಂದ ಮೇಲೆ ಅಮ್ಮನೋ ಚಿಕ್ಕಮ್ಮನೋ ಪಕ್ಕಕ್ಕೆ ಕರೆದು ನಾಲ್ಕು ಮಾತು ಹೇಳುತ್ತಿದ್ದರು. ಹುಡುಗನಿಗೆ ಅದೂ ಇಲ್ಲ. ಗಂಟಲು ಒಡೆದಾಗ ಮನೆಯವರೆಲ್ಲ ನಕ್ಕುಬಿಟ್ಟರೆ ಅವನ ಪಾಲಿನ ಪಾಠ ಮುಗಿಯಿತು.

ಕರ್ನಾಟಕದ ಹೊರಗೆ ನಾನೀಗ ಇರುವ ಕಡೆ, ಮಕ್ಕಳಿಗೆ ಒಂಬತ್ತು ಹತ್ತು ವರ್ಷವಾಗುವಾಗಲೇ ಶಾಲೆಯಲ್ಲಿ ಇದನ್ನು ಹೇಳಿಕೊಡುತ್ತಾರೆ. ಹುಡುಗರು ಹುಡುಗಿಯರು ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. ಚಿತ್ರ ತೋರಿಸುತ್ತಾರೆ, ಹೆಸರಿಟ್ಟು ಹೇಳುತ್ತಾರೆ. ಇಲ್ಲಿರುವ ನಮ್ಮವರಲ್ಲಿ ಕೆಲವರಿಗೆ ಇದು ಅಷ್ಟು ಹಿಡಿಸುವುದಿಲ್ಲ. "ಇನ್ನೂ ಆಟ ಆಡೋ ಮಗು, ಇಷ್ಟು ಬೇಗ ಯಾಕೆ ಇದೆಲ್ಲ?" ಅನ್ನುತ್ತಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ನಾನು ಶಾಲೆಯ ಪರವೇ. ಒಂಬತ್ತು ವರ್ಷ ಬೇಗ ಅಲ್ಲ. ಕೆಲವು ಮಕ್ಕಳಿಗೆ ಅದು ತಡವೇ ಆಗಿರುತ್ತದೆ.

ಮೈ ನಮ್ಮ ಅಪ್ಪಣೆಗೆ ಕಾಯುವುದಿಲ್ಲ, ಅಲ್ವಾ? ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಸಾಮಾನ್ಯವಾಗಿ ಆರರಿಂದ ಎಂಟು ವರ್ಷದ ಹೊತ್ತಿಗೇ ಹೊಸ ಕೆಲಸ ಶುರುಮಾಡುತ್ತವೆ. ಅವು ಬಿಡುವ ಹಾರ್ಮೋನುಗಳಿಗೆ ಬಲ ಕಮ್ಮಿ. ಆದರೂ ಅವುಗಳಿಂದ ನಿಧಾನವಾಗಿ ಬೆವರಿನ ವಾಸನೆ ಬದಲಾಗುತ್ತದೆ, ತಲೆಗೂದಲು ಬೇಗ ಜಿಡ್ಡಾಗುತ್ತದೆ, ಹಣೆಯ ಮೇಲೆ ಒಂದೆರಡು ಮೊಡವೆ ಏಳಬಹುದು. ಆಗ ನಾವೇನು ಮಾಡುತ್ತೇವೆ? "ಸರಿಯಾಗಿ ಸ್ನಾನ ಮಾಡಲ್ವಾ ನೀನು?" ಅಂತ ಗದರುತ್ತೇವೆ. ಅದು ಕೊಳೆಯ ಮಾತಲ್ಲ. ಕಂಕುಳಲ್ಲಿರುವ ಒಂದು ಬಗೆಯ ಬೆವರಿನ ಗ್ರಂಥಿಗಳು ಆಗಷ್ಟೇ ಎಚ್ಚರಗೊಂಡಿರುತ್ತವೆ. ಅವು ಬಿಡುವ ದ್ರವಕ್ಕೆ ತನ್ನದೇ ಆದ ವಾಸನೆ ಇಲ್ಲವೇ ಇಲ್ಲ ಅನ್ನಬೇಕು. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಇಷ್ಟು ಹೇಳಿದರೆ ಎಂಟು ವರ್ಷದ ಮಗುವಿಗೂ ತಿಳಿಯುತ್ತದೆ. ಬೈಯುವುದೂ ತಪ್ಪುತ್ತದೆ.

ನಿಜವಾದ ಹರೆಯ ಶುರುವಾಗುವುದು ಮಾತ್ರ ಮಿದುಳಿನಲ್ಲಿ. ಅಲ್ಲಿ ಹೈಪೋಥಾಲಮಸ್ ಎಂಬ ಸಣ್ಣ ಭಾಗವಿದೆ. ಅದು ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಟ್ಟು ಬಿಟ್ಟು, ಅಲೆ ಅಲೆಯಾಗಿ ಕಳಿಸುತ್ತದೆ. ಅದು ತಲುಪಿದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಹುಡುಗಿಯಲ್ಲಿ ಅಂಡಾಶಯವನ್ನು, ಹುಡುಗನಲ್ಲಿ ವೃಷಣಗಳನ್ನು ಕೆಲಸಕ್ಕೆ ಹಚ್ಚುತ್ತವೆ. ಅಲ್ಲಿಂದ ಮುಂದೆ ಅಂಡಾಶಯ ಈಸ್ಟ್ರೋಜನ್ ಎಂಬ ಹಾರ್ಮೋನನ್ನು, ವೃಷಣಗಳು ಟೆಸ್ಟೋಸ್ಟಿರೋನ್ ಎಂಬುದನ್ನು ಹೆಚ್ಚಾಗಿ ಬಿಡತೊಡಗುತ್ತವೆ. ನನಗೆ ಬಹಳ ಸೋಜಿಗ ಅನಿಸುವುದು ಬೇರೆಯೇ ಒಂದು ಸಂಗತಿ. ಇದೇ ವ್ಯವಸ್ಥೆ ಮಗು ಹುಟ್ಟಿದ ಮೊದಲ ಕೆಲವು ತಿಂಗಳು ಒಮ್ಮೆ ಚುರುಕಾಗಿ ಕೆಲಸ ಮಾಡಿರುತ್ತದೆ. ಆಮೇಲೆ ವರ್ಷಗಟ್ಟಲೆ ಸುಮ್ಮನಿರುತ್ತದೆ. ಮತ್ತೆ ಏಳುವಾಗ ಮೊದಮೊದಲು ರಾತ್ರಿ ಹೊತ್ತು, ಮಗು ನಿದ್ದೆಯಲ್ಲಿದ್ದಾಗ ಏಳುತ್ತದೆ. ಅದನ್ನು ಎಬ್ಬಿಸುವುದರಲ್ಲಿ ಕಿಸ್‌ಪೆಪ್ಟಿನ್ ಎಂಬ ವಸ್ತುವಿನ ಪಾತ್ರ ದೊಡ್ಡದು ಅಂತ ಗೊತ್ತಾದದ್ದು 2003ರಲ್ಲಿ. ಅದರ ಸಂದೇಶ ಹಿಡಿಯುವ ಜೀನ್ ಕೆಟ್ಟಿದ್ದವರಿಗೆ ಹರೆಯವೇ ಬಂದಿರಲಿಲ್ಲ. ಅಂದರೆ ಕನ್ನಡಿಯಲ್ಲಿ ಏನಾದರೂ ಕಾಣುವ ಹೊತ್ತಿಗೆ ಒಳಗಿನ ಕೆಲಸ ಎಷ್ಟೋ ದಿನದಿಂದ ನಡೆದಿರುತ್ತದೆ. "ಕಾಣಿಸಿದ ಮೇಲೆ ಹೇಳೋಣ" ಅಂತ ಕಾದವರು ತಡ ಮಾಡಿದ ಹಾಗೇ ಲೆಕ್ಕ.

ಹುಡುಗಿಯರಲ್ಲಿ ಇದು ಸಾಮಾನ್ಯವಾಗಿ 8ರಿಂದ 13 ವರ್ಷದ ಒಳಗೆ ಶುರುವಾಗುತ್ತದೆ, ಹುಡುಗರಲ್ಲಿ 9ರಿಂದ 14ರ ಒಳಗೆ. ಈ ಅಂತರ ನೋಡಿ. ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಹನ್ನೆರಡರ ಮಕ್ಕಳಲ್ಲಿ ಒಬ್ಬಳ ಬೆಳವಣಿಗೆ ಮುಕ್ಕಾಲು ಮುಗಿದಿರಬಹುದು, ಇನ್ನೊಬ್ಬಳದು ಈಗಷ್ಟೇ ಶುರುವಾಗಿರಬಹುದು. ಇಬ್ಬರೂ ಸರಿಯಾಗಿಯೇ ಇದ್ದಾರೆ. ವಯಸ್ಸು ಹೀಗೆ ಹಿಂದೆ ಮುಂದೆ ಆದರೂ ಬದಲಾವಣೆಗಳ ಸರದಿ ಹೆಚ್ಚುಕಮ್ಮಿ ಗೊತ್ತಿರುವಂಥದ್ದು. ಇಂಗ್ಲೆಂಡಿನ ವೈದ್ಯ ಜೇಮ್ಸ್ ಟ್ಯಾನರ್ ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ವಿಲಿಯಂ ಮಾರ್ಷಲ್ ಜೊತೆ 1969ರಲ್ಲಿ ಹುಡುಗಿಯರ ಬಗ್ಗೆ, 1970ರಲ್ಲಿ ಹುಡುಗರ ಬಗ್ಗೆ ಬರೆದರು. ಐದು ಹಂತಗಳ ಆ ಅಳತೆಯನ್ನೇ ವೈದ್ಯರು ಇವತ್ತಿಗೂ ಬಳಸುತ್ತಾರೆ. ಸರದಿ ಗೊತ್ತಿದೆ ಅಂದ ಮೇಲೆ ಅದನ್ನು ಮುಂಚೆಯೇ ಹೇಳುವುದಕ್ಕೆ ಅಡ್ಡಿ ಏನು?

ಇಲ್ಲಿನ ತರಗತಿಗಳಲ್ಲಿ ಒಂದು ಡಬ್ಬಿ ಇಟ್ಟಿರುತ್ತಾರೆ. ಮಕ್ಕಳು ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಬರೆದು ಹಾಕಬಹುದು. ಅಂಥದ್ದೊಂದು ಚೀಟಿಯ ಬಗ್ಗೆ ಒಬ್ಬ ಟೀಚರ್ ಪೋಷಕರ ಸಭೆಯಲ್ಲಿ ಹೇಳಿದರು. "ಒಂದೇ ಕಡೆ ಗಂಟು ಬಂದಿದೆ, ನೋಯುತ್ತದೆ, ನನಗೆ ಕ್ಯಾನ್ಸರಾ?" ಅಂತ ಅದರಲ್ಲಿತ್ತು. ಪಾಪ, ಆ ಮಗು ಎಷ್ಟು ರಾತ್ರಿ ಹೆದರಿಕೊಂಡು ಮಲಗಿತ್ತೋ. ಹುಡುಗಿಯರಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಕಾಣುವ ಗುರುತು ಇದೇ. ಮೊಲೆತೊಟ್ಟಿನ ಕೆಳಗೆ ಒಂದು ಸಣ್ಣ ಗಟ್ಟಿ ಗಂಟು. ಮುಟ್ಟಿದರೆ ನೋವು, ಬಟ್ಟೆ ತಾಗಿದರೂ ಕಿರಿಕಿರಿ. ಎಷ್ಟೋ ಸಲ ಮೊದಲು ಒಂದೇ ಕಡೆ ಬರುತ್ತದೆ, ಇನ್ನೊಂದು ಕಡೆ ಕೆಲವು ತಿಂಗಳು ಬಿಟ್ಟು ಬರುತ್ತದೆ. ಇದು ಗೊತ್ತಿಲ್ಲದೆ ದೊಡ್ಡವರೂ ಗಾಬರಿಯಾಗುತ್ತಾರೆ. ಅದನ್ನು ಗಡ್ಡೆ ಅಂದುಕೊಂಡು ಕತ್ತರಿಸಿ ತೆಗೆಯುವುದು ತುಂಬ ಅಪಾಯ, ಮುಂದೆ ಆ ಸ್ತನ ಬೆಳೆಯದೇ ಹೋಗಬಹುದು. ಅನುಮಾನವಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿದರೆ ಸಾಕು, ಸಾಮಾನ್ಯವಾಗಿ ಅವರು ಮುಟ್ಟಿ ನೋಡಿಯೇ ಹೇಳಿಬಿಡುತ್ತಾರೆ.

ಈ ಗಂಟು ಕಂಡ ಮೇಲೆ ಮೊದಲ ಮುಟ್ಟಿಗೆ ಸುಮಾರು ಎರಡರಿಂದ ಎರಡೂವರೆ ವರ್ಷ ಇರುತ್ತದೆ. ಮುಟ್ಟಿಗೆ ಆರು ತಿಂಗಳೋ ವರ್ಷವೋ ಮುಂಚೆ ಒಳಉಡುಪಿನಲ್ಲಿ ಬಿಳಿ ಸ್ರಾವ ಕಾಣಬಹುದು. ಇಷ್ಟು ಗೊತ್ತಿರುವ ಹುಡುಗಿ ಬ್ಯಾಗಿನಲ್ಲಿ ಒಂದು ಪ್ಯಾಡ್ ಇಟ್ಟುಕೊಂಡು ನೆಮ್ಮದಿಯಿಂದ ಓಡಾಡುತ್ತಾಳೆ. ಗೊತ್ತಿಲ್ಲದವಳು ರಕ್ತ ನೋಡಿ ಏನೋ ಏಟಾಗಿದೆ, ಏನೋ ರೋಗ ಅಂದುಕೊಳ್ಳುತ್ತಾಳೆ. ಮೊದಲ ಒಂದೆರಡು ವರ್ಷ ಮುಟ್ಟು ಲೆಕ್ಕದ ಪ್ರಕಾರ ಬರುವುದೂ ಇಲ್ಲ. ಅಂಡಾಶಯದಿಂದ ಪ್ರತಿ ತಿಂಗಳೂ ಅಂಡ ಬಿಡುಗಡೆಯಾಗುವ ಕ್ರಮ ಇನ್ನೂ ಕೂಡಿ ಬಂದಿರುವುದಿಲ್ಲ. 21 ದಿನಕ್ಕೆ ಬರಬಹುದು, 45 ದಿನಕ್ಕೂ ಬರಬಹುದು. ರಕ್ತ ಹೋಗುವುದರಿಂದ ಕಬ್ಬಿಣದ ಅಂಶವೂ ಜಾಸ್ತಿ ಬೇಕಾಗುತ್ತದೆ, ಸುಸ್ತು ಸುಸ್ತು ಅಂದರೆ ಸೋಮಾರಿತನ ಅಂತ ತಳ್ಳಿಹಾಕಬಾರದು.

ಇನ್ನು ಹುಡುಗರು. ನನಗೆ ನಿಜವಾಗಿ ಸಂಕಟವಾಗುವುದು ಇಲ್ಲಿ. ಊರಲ್ಲೂ ಇಲ್ಲೂ ಹುಡುಗಿಯರ ಬಗ್ಗೆ ಅಷ್ಟೋ ಇಷ್ಟೋ ಮಾತು ನಡೆಯುತ್ತದೆ. ಮುಟ್ಟು ಬಂದದ್ದನ್ನು ಮನೆಯವರಿಂದ ಮುಚ್ಚಿಡುವುದು ಕಷ್ಟ. ಹುಡುಗರ ಹರೆಯ ಸದ್ದಿಲ್ಲದೆ ಬರುತ್ತದೆ. ಅವರಲ್ಲಿ ಮೊದಲ ಗುರುತು ಮೀಸೆಯಲ್ಲ, ದನಿಯೂ ಅಲ್ಲ. ವೃಷಣಗಳು ದೊಡ್ಡದಾಗುವುದು. ವೈದ್ಯರ ಹತ್ತಿರ ಒಂದು ದಾರಕ್ಕೆ ಪೋಣಿಸಿದ ಮಣಿಗಳಿರುತ್ತವೆ, ಚಿಕ್ಕದರಿಂದ ದೊಡ್ಡದರವರೆಗೆ, 1 ಮಿಲಿಲೀಟರಿನಿಂದ 25ರವರೆಗೆ. ಸ್ವಿಟ್ಜರ್ಲೆಂಡಿನ ಆಂಡ್ರಿಯಾ ಪ್ರೇಡರ್ ಎಂಬ ವೈದ್ಯರು ರೂಪಿಸಿದ್ದು. ವೃಷಣ 4 ಮಿಲಿಲೀಟರಿನ ಮಣಿಯಷ್ಟಾದರೆ ಹರೆಯ ಶುರುವಾಗಿದೆ ಅಂತ ಅರ್ಥ. ಇದು ಮನೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಆ ಹುಡುಗನಿಗೂ ಅನೇಕ ಸಲ ಗೊತ್ತಾಗುವುದಿಲ್ಲ.

ಆಮೇಲೆ ಬರುವುದನ್ನೆಲ್ಲ ಅವನು ಒಬ್ಬನೇ ಅನುಭವಿಸುತ್ತಾನೆ. ನಿದ್ದೆಯಲ್ಲಿ ವೀರ್ಯ ಹೋಗಿ ಬಟ್ಟೆ ಒದ್ದೆಯಾಗುತ್ತದೆ. ಬೆಳಿಗ್ಗೆ ಯಾರೂ ಏಳುವ ಮೊದಲೇ ಎದ್ದು ಬಟ್ಟೆ ಒಗೆಯುತ್ತಾನೆ. ಇದರಿಂದ ಶಕ್ತಿ ಹೋಗುತ್ತದೆ, ದೇಹ ಹಾಳಾಗುತ್ತದೆ ಅಂತ ಯಾರೋ ತುಂಬಿದ ಸುಳ್ಳನ್ನು ನಂಬಿ ಕೊರಗುತ್ತಾನೆ. ಅದರಿಂದ ಯಾವ ಶಕ್ತಿಯೂ ಹೋಗುವುದಿಲ್ಲ. ತರಗತಿಯಲ್ಲಿ ಸುಮ್ನೆ ಕೂತಾಗ, ಯಾವ ಯೋಚನೆಯೂ ಇಲ್ಲದಾಗ ಶಿಶ್ನ ನಿಮಿರುತ್ತದೆ. ಅದೂ ಹಾರ್ಮೋನಿನ ಕೆಲಸ, ಅವನ ತಪ್ಪಲ್ಲ. ಇನ್ನೊಂದು ಸಂಗತಿಯನ್ನಂತೂ ಯಾರೂ ಹೇಳುವುದೇ ಇಲ್ಲ. ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ವಯಸ್ಸಿನಲ್ಲಿ ಎದೆಯಲ್ಲಿ ಸ್ವಲ್ಪ ಉಬ್ಬು ಬರುತ್ತದೆ, ಅದೇ ತರಹದ ಗಂಟು, ಅದೇ ನೋವು. ಬಹುಪಾಲು ಎರಡು ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ. ಆದರೆ ಆ ಎರಡು ವರ್ಷ ಆ ಹುಡುಗ ಸಡಿಲ ಅಂಗಿ ಹಾಕಿಕೊಂಡು ಬೆನ್ನು ಬಗ್ಗಿಸಿ ನಡೆಯುತ್ತಾನೆ. ಈಜಲು ಬಾ ಅಂದರೆ ಹೊಟ್ಟೆನೋವು ಅನ್ನುತ್ತಾನೆ. "ಇದು ಸುಮಾರು ಹುಡುಗರಿಗೆ ಬರುತ್ತೆ ಕಣೋ, ಹೋಗುತ್ತೆ" ಅಂತ ಅಪ್ಪ ಒಂದು ಮಾತು ಹೇಳಿದ್ದರೆ ಅಷ್ಟೂ ತಪ್ಪುತ್ತಿತ್ತು.

ದನಿಯ ವಿಷಯ ಎಲ್ಲರಿಗೂ ಗೊತ್ತಿದೆ. ಗಂಟಲಿನ ಧ್ವನಿಪೆಟ್ಟಿಗೆ ಹಿಗ್ಗಿ, ಧ್ವನಿತಂತುಗಳು ಉದ್ದ ಮತ್ತು ದಪ್ಪ ಆಗಿ, ಹುಡುಗನ ದನಿ ಸುಮಾರು ಒಂದು ಸಪ್ತಕ ಕೆಳಗಿಳಿಯುತ್ತದೆ. ಹೊಸ ಅಳತೆಗೆ ಸ್ನಾಯುಗಳು ಹೊಂದಿಕೊಳ್ಳುವ ತನಕ ಒಡಕು. ನಗಬೇಡಿ, ಅಷ್ಟೇ ನನ್ನ ಕೋರಿಕೆ.

ಎತ್ತರದ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಹುಡುಗಿಯರು ಸಾಮಾನ್ಯವಾಗಿ ಹರೆಯದ ಮೊದಲ ಭಾಗದಲ್ಲೇ ಬೇಗ ಬೇಗ ಉದ್ದವಾಗುತ್ತಾರೆ, ವರ್ಷಕ್ಕೆ 8–9 ಸೆಂಟಿಮೀಟರ್ ತನಕ. ಹುಡುಗರ ಜಿಗಿತ ಸುಮಾರು ಎರಡು ವರ್ಷ ತಡ, ಆದರೆ ವೇಗ ಇನ್ನೂ ಸ್ವಲ್ಪ ಜಾಸ್ತಿ. ಪಾದ, ಅಂಗೈ ಮೊದಲು ಬೆಳೆಯುತ್ತವೆ, ಮೈ ಆಮೇಲೆ. ಈ ವಯಸ್ಸಿನವರು ಎಡವುವುದು, ಕೈಯಲ್ಲಿದ್ದದ್ದು ಬೀಳಿಸುವುದು ಸುಮ್ಮನೆ ಅಲ್ಲ. ಇನ್ನು ಬೆಳವಣಿಗೆಯನ್ನು ನಿಲ್ಲಿಸುವುದು ಯಾವುದು? ಎಲುಬು ಉದ್ದವಾಗುವುದು ಅದರ ತುದಿಯ ಹತ್ತಿರವಿರುವ ಒಂದು ತೆಳು ಪದರದಿಂದ; ಆ ಪದರವನ್ನು ಮುಚ್ಚುವುದು ಹುಡುಗಿಯರಲ್ಲಿ ಈಸ್ಟ್ರೋಜನ್. ಹುಡುಗರಲ್ಲೂ ಅದೇ. 1994ರಲ್ಲಿ ವೈದ್ಯರು 28 ವರ್ಷದ ಒಬ್ಬ ವ್ಯಕ್ತಿಯ ಬಗ್ಗೆ ವರದಿ ಮಾಡಿದರು. ಅವರ ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಲೇ ಇದ್ದರು. ಟೆಸ್ಟೋಸ್ಟಿರೋನ್ ಸರಿಯಾಗಿಯೇ ಇತ್ತು. ಅವರ ಮೈಗೆ ಈಸ್ಟ್ರೋಜನ್ನಿನ ಸಂದೇಶ ಹಿಡಿಯುವ ಶಕ್ತಿ ಇರಲಿಲ್ಲ. ಅವರ ಎಲುಬುಗಳು ಇನ್ನೂ ಹದಿನೈದರ ಹುಡುಗನ ಎಲುಬಿನ ಹಾಗೇ ಇದ್ದವು. ಹೆಣ್ಣಿನ ಹಾರ್ಮೋನು, ಗಂಡಿನ ಹಾರ್ಮೋನು ಅಂತ ಎರಡು ಗೋಡೆ ಕಟ್ಟಿ ಮಕ್ಕಳಿಗೆ ಹೇಳಿಕೊಡುವುದು ಸರಿಯಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸಿದ್ದು ಇದನ್ನು ಓದಿದ ಮೇಲೆ. ಇಬ್ಬರ ಮೈಯಲ್ಲೂ ಎರಡೂ ಇವೆ. ಅದಕ್ಕೇ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳುವ ಇಲ್ಲಿನ ಪದ್ಧತಿ ನನಗೆ ಒಪ್ಪಿಗೆ.

ನಿದ್ದೆಯದೂ ಹಾಗೇ. ನಿದ್ದೆ ತರುವ ಮೆಲಟೋನಿನ್ ಎಂಬ ಹಾರ್ಮೋನು ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಏರುತ್ತದೆ, ಅದಕ್ಕೇ ಬೇಗ ನಿದ್ದೆ ಹತ್ತುವುದಿಲ್ಲ. ಆದರೂ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೇ ಬೇಕು.

ಹಾಗಾದರೆ ಇಲ್ಲಿನದೆಲ್ಲ ಸರಿಯಾ? ಇಲ್ಲ. ಶಾಲೆ ಹೇಳಿದೆಯಲ್ಲ ಅಂತ ಇಲ್ಲಿನ ಎಷ್ಟೋ ಮನೆಗಳು ಬಾಯಿ ಹೊಲಿದುಕೊಂಡಿವೆ. ಮಗು ಚಿತ್ರಪಟ ನೋಡಿ ಬಂದಿರುತ್ತದೆ, ಅದರ ಜೊತೆ ಕೂತು ಮಾತಾಡುವವರು ಇರುವುದಿಲ್ಲ. ಊರಿನ ಮನೆಯಲ್ಲಿ ತಡವಾಗಿಯಾದರೂ ಚಿಕ್ಕಮ್ಮ ಪಕ್ಕದಲ್ಲಿ ಕೂತು ತಲೆ ಸವರಿ ಹೇಳುತ್ತಿದ್ದರು, "ನನಗೂ ಹೀಗೇ ಆಗಿತ್ತು" ಅನ್ನುತ್ತಿದ್ದರು. ಆ ಮಾತನ್ನು ಯಾವ ಟೀಚರೂ ಹೇಳಲಾರರು. ಶಾಲೆಯ ಸಮಯ, ಚಿಕ್ಕಮ್ಮನ ಬಾಯಿ, ಎರಡೂ ಸೇರಬೇಕು. ಹುಡುಗನಿಗೂ ಅಂಥ ಒಬ್ಬ ಚಿಕ್ಕಪ್ಪ ಬೇಕು.

ಮನೆಯವರೇ ಹೇಳಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಹುಡುಗಿಗೆ 8 ತುಂಬುವ ಮೊದಲೇ ಎದೆ ಬೆಳೆಯತೊಡಗಿದರೆ, 13 ಆದರೂ ಬೆಳೆಯದಿದ್ದರೆ, 15 ಆದರೂ ಮುಟ್ಟು ಬಾರದಿದ್ದರೆ ವೈದ್ಯರನ್ನು ಕಾಣಬೇಕು. ಹುಡುಗನಿಗೆ 9ಕ್ಕೆ ಮೊದಲೇ ಶುರುವಾದರೆ ಅಥವಾ 14 ಆದರೂ ಏನೂ ಶುರುವಾಗದಿದ್ದರೆ ಹಾಗೇ. ಆಗ ವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಇವೂ ಇರುತ್ತವೆ: ಅಮ್ಮನಿಗೆ ಮೊದಲ ಮುಟ್ಟು ಎಷ್ಟನೇ ವಯಸ್ಸಿಗೆ? ಅಪ್ಪ ಉದ್ದ ಆದದ್ದು ಯಾವಾಗ, ಎಲ್ಲರ ಜೊತೆಗೋ ಎಲ್ಲರಿಗಿಂತ ತಡವಾಗಿಯೋ? ಹುಡುಗರಲ್ಲಿ ಹರೆಯ ತಡವಾಗಲು ಬಹಳ ಸಲ ಕಾರಣ ರೋಗವಲ್ಲ, ಮನೆತನದ ಗುಣ. ಅಂಥ ಹುಡುಗನಿಗೆ "ನಾನೂ ಹತ್ತನೇ ಕ್ಲಾಸಿನ ತನಕ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದೆ, ಆಮೇಲೆ ಬೆಳೆದೆ" ಅಂತ ಹೇಳಬಲ್ಲವನು ಅಪ್ಪ ಒಬ್ಬನೇ. ಹರೆಯ ಬಂದಾಗ ನಿಮ್ಮ ವಯಸ್ಸು ಎಷ್ಟಿತ್ತು ಅಂತ ನಿಮ್ಮ ಮಕ್ಕಳಿಗೆ ಗೊತ್ತಾ?