ಜೇನಿಗೆ ಬದಲಿ ಬೇಡ, ಸುರಂಗದೊಳಗೆ ಹೋಗಬಲ್ಲ ಯಂತ್ರ ಬೇಕು

ಕೀಟದ ಗಾತ್ರದ ಹಾರುವ ರೋಬೋಟ್‌ಗಳ ಸುದ್ದಿ ಬಂದಾಗಲೆಲ್ಲ, ಇನ್ನು ಪರಾಗಸ್ಪರ್ಶವನ್ನು ಯಂತ್ರಗಳೇ ಮಾಡಲಿವೆ ಎಂಬ ಮಾತೂ ಜೊತೆಗೇ ಬರುತ್ತದೆ. ಆ ಯಂತ್ರಗಳ ಮೇಲೆ ನನಗೆ ಬಹಳ ಭರವಸೆಯಿದೆ. ಆದರೆ ಕಾಸರಗೋಡಿನವನಾಗಿ ಈ ಮಾತನ್ನು ಮಾತ್ರ ಒಪ್ಪಲಾರೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ವುಡ್ ಅವರ ತಂಡ 2013ರಲ್ಲಿ ಹಾರಿಸಿ ತೋರಿಸಿದ ರೋಬೋಬೀ ಎಂಬ ಕೀಟಯಂತ್ರದ ತೂಕ ಸುಮಾರು 80 ಮಿಲಿಗ್ರಾಂ. ವಿದ್ಯುತ್ ಹಾಯಿಸಿದಾಗ ಬಾಗುವ ಸೆರಾಮಿಕ್ ಪಟ್ಟಿಗಳೇ ಅದರ ಸ್ನಾಯುಗಳು. ಅವು ರೆಕ್ಕೆಯನ್ನು ಸೆಕೆಂಡಿಗೆ 120 ಸಲ ಬಡಿಯುವಂತೆ ಮಾಡುತ್ತವೆ. ಬ್ಯಾಟರಿಯನ್ನು ಹೊತ್ತು ಹಾರುವ ಶಕ್ತಿ ಇಲ್ಲದ್ದರಿಂದ ವಿದ್ಯುತ್ತನ್ನು ತೆಳುವಾದ ತಂತಿಯ ಮೂಲಕ ಕೊಡಬೇಕಾಗಿತ್ತು. 2019ರಲ್ಲಿ ಸೌರಕೋಶ ಜೋಡಿಸಿ ತಂತಿಯಿಲ್ಲದೆ ಹಾರಿಸಿದರಾದರೂ ಅದಕ್ಕೆ ಬಿಸಿಲಿಗಿಂತ ಸುಮಾರು ಮೂರು ಪಟ್ಟು ಪ್ರಖರವಾದ ಬೆಳಕು ಬೇಕಾಯಿತು. 2025ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ (ಎಂಐಟಿ) ಸಂಶೋಧಕರು ಒಂದು ಗ್ರಾಮಿಗಿಂತ ಹಗುರವಾದ ಯಂತ್ರವನ್ನು 1000 ಸೆಕೆಂಡು ಗಾಳಿಯಲ್ಲಿ ನಿಲ್ಲಿಸಿದರು. ಅದೂ ತಂತಿಯ ಆಸರೆಯಲ್ಲೇ.

ದಿನವಿಡೀ ಹೂವಿನಿಂದ ಹೂವಿಗೆ ಹಾರಿ, ತಾನೇ ಸಂತಾನ ಬೆಳೆಸಿಕೊಳ್ಳುವ ತುಡುವೆ ಜೇನಿಗೆ ಇದು ಬದಲಿಯಾಗುವ ಕಾಲ ಬಹಳ ದೂರವಿದೆ. ಒಂದು ವೇಳೆ ಬಂದರೂ ನನ್ನ ಆಕ್ಷೇಪ ಉಳಿಯುತ್ತದೆ. ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ನೆಲ ಇದು. ಜೇನು ಸತ್ತದ್ದನ್ನು ಗಂಭೀರವಾಗಿ ತೆಗೆದುಕೊಂಡಿದ್ದರೆ ನಮ್ಮ ಜಿಲ್ಲೆಯ ಎಣ್ಮಕಜೆಯಲ್ಲಿ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳ ಸ್ಥಿತಿ ಬೇರೆಯಾಗುತ್ತಿತ್ತೇನೋ. ಸುಪ್ರೀಂ ಕೋರ್ಟಿನ ನಿಷೇಧ ಬರುವಾಗ 2011 ಆಗಿತ್ತು. ಜೇನು ಸತ್ತರೂ ಫಸಲು ನಿಲ್ಲುವುದಿಲ್ಲ ಎಂಬ ಧೈರ್ಯವನ್ನು ಯಂತ್ರವೊಂದು ಕೊಟ್ಟುಬಿಟ್ಟರೆ, ವಿಷ ಸಿಂಪಡಿಸುವವರನ್ನು ತಡೆಯಲು ನಮ್ಮ ಬಳಿ ಒಂದು ಕಾರಣ ಕಡಿಮೆಯಾಗುತ್ತದೆ.

ನನಗೆ ಈ ಯಂತ್ರ ಬೇಕಾಗಿರುವುದು ಸುರಂಗಕ್ಕೆ. ಬಾಯಾರು, ಪಡ್ರೆ ಕಡೆಯ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳಲ್ಲಿ ಒಬ್ಬರಷ್ಟೇ ಬಗ್ಗಿ ನಡೆಯಬಹುದು. ಅಗೆಯುವವರು ಮೇಣದಬತ್ತಿ ಹಚ್ಚಿಟ್ಟುಕೊಂಡು ಕೆಲಸ ಮಾಡುತ್ತಾರೆ. ಬೆಳಕು ಮಂಕಾಗಿ ಆರಿದರೆ ಉಸಿರಾಡುವ ಗಾಳಿ ಸಾಲದೆಂದು ತಿಳಿದು ಹಿಂದಿರುಗುತ್ತಾರೆ. ಮಳೆಗಾಲ ಕಳೆದ ಮೇಲೆ ಒಳಗೆಲ್ಲಿ ಮಣ್ಣು ಜರಿದಿದೆ ಎಂದು ನೋಡುವುದಕ್ಕೂ ಮನುಷ್ಯನೇ ನುಗ್ಗಬೇಕು. ಇಲ್ಲಿ ಸಾಮಾನ್ಯ ಡ್ರೋನ್ ಗೋಡೆಗೆ ತಾಗಿದರೆ ಅಲ್ಲಿಗೇ ಮುಗಿಯಿತು. ಎಂಐಟಿಯಲ್ಲಿ ಮಾಡಿದ ಮೆದು ಸ್ನಾಯುಗಳ ಯಂತ್ರವಾದರೋ ರೆಕ್ಕೆಯ ತುದಿಯಲ್ಲಿ ಶೇಕಡಾ 20ರಷ್ಟನ್ನು ಕತ್ತರಿಸಿದರೂ ಹಾರಿದೆ. ಕಿರಿದಾದ ಸುರಂಗಕ್ಕೆ ಬೇಕಾದದ್ದು ಇಂಥ ತಾಳಿಕೆಯೇ. ಹಾರಬೇಕಾದದ್ದೂ ಕೆಲವೇ ನಿಮಿಷ. ವಯನಾಡಿನ ಭೂಕುಸಿತದಂಥ ದುರಂತಗಳಲ್ಲಿ ಅವಶೇಷಗಳ ಸಂದಿಯಲ್ಲಿ ಸಿಕ್ಕವರನ್ನು ಹುಡುಕಲೂ ಇದೇ ಗುಣ ಬೇಕು.

ಸುರಂಗದ ಕತ್ತಲಲ್ಲಿ ಸೌರಕೋಶ ನಡೆಯುವುದಿಲ್ಲವಾದ್ದರಿಂದ ಹಗುರ ಬ್ಯಾಟರಿ ಸಿದ್ಧವಾಗದೆ ಈ ಕೆಲಸ ಮುಂದುವರಿಯದು. ನಮ್ಮ ಜಿಲ್ಲೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಈಗಲೇ ಸುರಂಗ ತೋಡುವ ಹಿರಿಯರನ್ನು ಕಂಡು, ಒಳಗಿನ ಅಗಲ, ತೇವ, ತಿರುವುಗಳನ್ನು ಅಳೆದು ದಾಖಲಿಸಲು ತೊಡಗಲಿ. ಹೇಳಿಕೊಡಬಲ್ಲವರು ಇಂದಿಗೂ ನಮ್ಮ ನಡುವೆ ಇದ್ದಾರೆ.