ತುಕ್ಕು ಹಿಡಿದಿದ್ದರೆ ತಕರಾರಿಲ್ಲ

ನಮ್ಮ ಅಜ್ಜ ಅಡಿಕೆ ಮಾರಿದ ದುಡ್ಡಿನಲ್ಲಿ ಕೊಂಡ 1962ರ ಮಹೀಂದ್ರ ಜೀಪು ಇಪ್ಪತ್ತೆರಡು ವರ್ಷ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ನಿಂತಿತ್ತು. ಸಿಜೆ-3ಬಿ ಎಂಬ ಮಾದರಿ. ಒಳಗಿನ ಹರಿಕೇನ್ ಎಂಜಿನ್ ಎತ್ತರವೆಂದು ಬಾನೆಟ್ಟನ್ನೂ ಎತ್ತರಿಸಿದ್ದರಿಂದ, ಕಂದಾಯ ಬಾಕಿಯಿದ್ದವನನ್ನು ಕಂಡ ಶಾನುಭೋಗರ ಹಾಗೆ ಸದಾ ಗಲ್ಲ ಎತ್ತಿಕೊಂಡೇ ಇರುವ ಮುಖ. ನಿಂತಲ್ಲೇ ಅದರ ನೆಲದ ತಗಡು ಉದುರಿತು, ಟಾಪಿನ ಕ್ಯಾನ್ವಾಸು ಇಲಿಗಳ ಬಾಣಂತನಕ್ಕೆ ಹೋಯಿತು, ಚಾಲಕನ ಸೀಟಿನಲ್ಲಿ ಕೋಳಿಗಳು ತಲೆಮಾರುಗಟ್ಟಲೆ ಮೊಟ್ಟೆಯಿಟ್ಟವು. ಸರ್ಕಾರ ತುಟಿ ಬಿಚ್ಚಲಿಲ್ಲ. ತಕರಾರು ಶುರುವಾದದ್ದು ನಾನು ಅದನ್ನು ರಿಪೇರಿ ಮಾಡಿಸಿದ ಮೇಲೆ.

ಆ ಜೀಪಿನ ಮೂಲ ಸ್ವರೂಪ ಎಂಥದ್ದೆಂದು ಹೇಳಿಬಿಡಬೇಕು. ನಾಲ್ಕೂ ಗಾಲಿಯ ಬ್ರೇಕಿಗೆ ಎಣ್ಣೆ ಹೋಗುವುದು ಒಂದೇ ದಾರಿಯಲ್ಲಿ. ಎಲ್ಲಾದರೂ ಒಂದು ಹೋಸು ಒಡೆದರೆ ನಾಲ್ಕೂ ಗಾಲಿಗಳಿಗೆ ಏಕಕಾಲಕ್ಕೆ ಸ್ವಾತಂತ್ರ್ಯ. ಹಾಗಾಗಿ ಘಟ್ಟ ಇಳಿಯುವಾಗ ಹಿಂದುಗಡೆ ಒಬ್ಬ ಹುಡುಗ ತೊಡೆಯ ಮೇಲೆ ಕಲ್ಲು ಇಟ್ಟುಕೊಂಡು ಕೂತಿರುತ್ತಿದ್ದ. ಜೀಪು ನಿಲ್ಲುವ ಲಕ್ಷಣ ಕಾಣದಿದ್ದರೆ ಹಾರಿ ಗಾಲಿಗೆ ಕಲ್ಲು ಕೊಡುವುದು ಅವನ ಉದ್ಯೋಗ. ಸ್ಟೀರಿಂಗನ್ನು ಕಾಲು ಸುತ್ತು ತಿರುಗಿಸಿದ ಮೇಲೆ ಗಾಲಿಗೆ ಸುದ್ದಿ ಮುಟ್ಟುತ್ತಿತ್ತು. ಲೀಟರ್ ಪೆಟ್ರೋಲಿಗೆ ಏಳು ಕಿಲೋಮೀಟರ್, ಅದೂ ಇಳಿಜಾರಿನಲ್ಲಿ.

ಮೇಸ್ತ್ರಿ ಬಂದು ಸುತ್ತಿಗೆಯ ಹಿಡಿಯಿಂದ ಎಂಜಿನ್ನಿಗೆ ಎರಡು ಏಟು ತಟ್ಟಿ, ವೈದ್ಯರು ಮನೆಯವರನ್ನು ಹೊರಗೆ ಕರೆಯುವ ದನಿಯಲ್ಲಿ, "ಬ್ಲಾಕು ಸೀಳಿದೆ ಗೌಡರೇ, ಇದನ್ನು ನಂಬಬೇಡಿ" ಎಂದರು. ಒಂಬತ್ತು ತಿಂಗಳು ಗ್ಯಾರೇಜಿನಲ್ಲಿದ್ದ ಜೀಪು ಡೀಸೆಲ್ ಎಂಜಿನ್, ಐದು ಗೇರು, ಪವರ್ ಸ್ಟೀರಿಂಗ್, ಮುಂದೆ ಡಿಸ್ಕ್ ಬ್ರೇಕು, ಸೀಟ್ ಬೆಲ್ಟು ಎಲ್ಲವನ್ನೂ ಹೊತ್ತು ಹೊರಬಂತು. ಕಲ್ಲಿನ ಹುಡುಗನ ಹುದ್ದೆ ರದ್ದಾಯಿತು.

ಕಾಗದಪತ್ರ ಸರಿಮಾಡಿಸಲು ಆರ್‌ಟಿಒ ಕಚೇರಿಗೆ ಹೋದೆ. ಅಲ್ಲಿ ಒಬ್ಬರು ಮಂಡಿಯೂರಿ ಕೂತು, ಚಾಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ, ಮೇಲೆ ಬಿಳಿ ಚೀಟಿಯಿಟ್ಟು ಪೆನ್ಸಿಲ್ ಉಜ್ಜಿದರು. ಅಜ್ಜನ ಕಾಲದ ನಂಬರು ಒಂದೊಂದೇ ಅಂಕಿಯಾಗಿ ಮೂಡಿತು. ಅವರ ಮುಖವೂ ಅರಳಿತು. ಆಮೇಲೆ ಎಂಜಿನ್ನಿನ ಮೇಲೆ ಉಜ್ಜಿದರು, ಮುಖ ಬಾಡಿತು.

"ಇದು ಬೇರೆ ಎಂಜಿನ್."

"ಹೌದು ಸ್ವಾಮಿ, ಹಳೆಯದು ಸೀಳಿತ್ತು."

"ಸೀಳಿದ್ದಕ್ಕೆ ಆಕ್ಷೇಪಣೆ ಇಲ್ಲ, ಬದಲಾಯಿಸಿದ್ದಕ್ಕೆ ಇದೆ."

ಬ್ರೇಕನ್ನಾದರೂ ಒತ್ತಿ ನೋಡಿ ಎಂದು ಅಂಗಲಾಚಿದೆ. ಆರ್‌.ಸಿ. ಎಂಬ ನೋಂದಣಿ ಪತ್ರದಲ್ಲಿ ಬಣ್ಣಕ್ಕೆ ಅಂಕಣವಿದೆ, ಸೀಟುಗಳ ಲೆಕ್ಕಕ್ಕೆ ಇದೆ, ಗಾಡಿ ನಿಲ್ಲುತ್ತದೆಯೋ ಇಲ್ಲವೋ ಎಂಬುದಕ್ಕೆ ಇಲ್ಲ.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಹೇಳುವುದೇ ಹಾಗೆ: ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಕದ್ದ ಎಂಜಿನ್ ಕೂರಿಸುವವರು, ಜೀಪನ್ನು ರಥ ಮಾಡುವವರು ಇರುವ ನಾಡಿನಲ್ಲಿ ಇಂಥದ್ದೊಂದು ಕಾನೂನು ಬೇಡವೆಂದು ನಾನೂ ಹೇಳಲಾರೆ. ಆದರೆ ನಮ್ಮೂರಿನ ರಸ್ತೆಗೆ ದಾಖಲೆಯಲ್ಲಿ ಮೂರು ಸಲ ಡಾಂಬರು ಬಿದ್ದಿದೆ, ನೆಲದ ಮೇಲೆ ಮೊಣಕಾಲುದ್ದ ಕೆಸರಿದೆ. ಕಾಗದಕ್ಕೂ ವಸ್ತುವಿಗೂ ವ್ಯತ್ಯಾಸವಿರಬಾರದು ಎಂಬ ಮಡಿ ರಸ್ತೆಗೆ ಅನ್ವಯಿಸುವುದಿಲ್ಲ, ಅದರ ಮೇಲೆ ಓಡುವ ಜೀಪಿಗೆ ಮಾತ್ರ.

"ವಿಂಟೇಜ್, ಅಂದರೆ ಪುರಾತನ ಗಾಡಿ, ಎಂದು ನೋಂದಣಿ ಮಾಡಿಸಿ" ಎಂದು ಒಬ್ಬರು ಕಿವಿಯಲ್ಲಿ ಉಸುರಿದರು. 2021ರ ನಿಯಮ ಓದಿಸಿದೆ. ಐವತ್ತು ವರ್ಷ ದಾಟಿರಬೇಕು, ದಾಟಿದೆ. ಚಾಸಿ, ಬಾಡಿ, ಎಂಜಿನ್ನು ಗಣನೀಯವಾಗಿ ಬದಲಾಗಿರಬಾರದು. ಅಂದರೆ ಸೀಳಿದ ಬ್ಲಾಕನ್ನೇ ಬೆಸುಗೆ ಹಾಕಿಸಿ ಮತ್ತೆ ಕೂರಿಸಬೇಕು. ಕೂರಿಸಿದೆ ಎಂದೇ ಇಟ್ಟುಕೊಳ್ಳಿ, ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ್‍ಯಾಲಿ, ರಿಪೇರಿ ಮತ್ತು ಇಂಧನ ತುಂಬಿಸುವುದು, ಇಷ್ಟಕ್ಕೆ ಮಾತ್ರ ಹೊರಡಬಹುದು. ನಮ್ಮ ಮನೆಯಿಂದ ಪೆಟ್ರೋಲ್ ಬಂಕಿಗೆ ಹದಿನಾಲ್ಕು ಕಿಲೋಮೀಟರ್. ಹೋಗಿ ಬರಲು ನಾಲ್ಕು ಲೀಟರ್ ಬೇಕು. ನಾಲ್ಕು ಲೀಟರ್ ಹಾಕಿಸಿಕೊಂಡು ಬಂದು, ಮಾರನೆಯ ದಿನ ಅದೇ ನಾಲ್ಕು ಲೀಟರ್ ತರಲು ಮತ್ತೆ ಹೋಗುವುದು. ಜೀವಮಾನವಿಡೀ ಕಾನೂನು ಮುರಿಯದೆ ಹೀಗೆ ಓಡಾಡಬಹುದು. ಹಿಂದುಗಡೆ ನಾಲ್ಕು ಚೀಲ ಅಡಿಕೆ ಹೇರಿ, 'ಪ್ರಾಚೀನ ಅಡಿಕೆ ಸಾಗಣೆಯ ಪ್ರಾತ್ಯಕ್ಷಿಕೆ' ಎಂಬ ಬೋರ್ಡು ತೂಗಿ ಮಂಡಿಯ ಮುಂದೆ ಪ್ರದರ್ಶನಕ್ಕೆ ನಿಲ್ಲಿಸಿದರೆ ಹೇಗೆ ಎಂದು ವಕೀಲರನ್ನು ಕೇಳಿದ್ದೇನೆ. ಅವರು ಶುಲ್ಕ ಹೇಳಿದರು, ಉತ್ತರ ಹೇಳಲಿಲ್ಲ.

ಸದ್ಯಕ್ಕೆ ಡಿಸ್ಕ್ ಬ್ರೇಕಿನ ಜೀಪು ಅಂಗಳದಲ್ಲಿ ಟಾರ್ಪಾಲು ಹೊದ್ದು ನಿಂತಿದೆ. ಹಳೆಯ ಎಂಜಿನ್ನನ್ನು ಮೇಸ್ತ್ರಿ ಗುಜರಿಗೆ ಕೊಡಲು ಹೊರಟಿದ್ದರು, ನಾನೇ ತಡೆದೆ. ಆರ್‌.ಸಿ.ಯಲ್ಲಿರುವುದು ಅದರ ನಂಬರು. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹಾಸಿ ಇಟ್ಟಿದ್ದೇವೆ. ಸೀಟು ಕಳೆದುಕೊಂಡ ಹೇಂಟೆ ಎರಡು ದಿನ ಅಂಗಳದಲ್ಲಿ ಗಲಾಟೆ ಮಾಡಿ, ಮೂರನೆಯ ದಿನ ಅದರ ಮೇಲೆ ಕಾವಿಗೆ ಕೂತಿತು. ದಾಖಲೆಯ ಪ್ರಕಾರ ಈಗ ಜೀಪು ಅದರ ಸುಪರ್ದಿಯಲ್ಲಿದೆ.