ಊರಿಗೆ ಹೋದರೆ ಉಸಿರು ಸರಿಹೋಗುತ್ತದೆಯೇ? ಅಳೆದು ನೋಡಿ

ತಿಂಗಳುಗಟ್ಟಲೆ ಏದುಸಿರು ಬಿಡುತ್ತಿರುವ ಮುಂಬೈ ಕನ್ನಡಿಗರಿಗೆ ಮೊದಲ ಸಲಹೆ ಕೊಡುವವರು ಡಾಕ್ಟರಲ್ಲ, ನೆಂಟರು. “ಒಂದು ತಿಂಗಳು ಊರಿಗೆ ಹೋಗಿ ಬಾ ಮಾರಾಯ, ಎಲ್ಲ ಸರಿಹೋಗ್ತದೆ.” ಹಲವರಿಗೆ ಸರಿಹೋಗುವುದೂ ಉಂಟು. ವಾಪಸು ಬಂದ ಹದಿನೈದು ದಿನಕ್ಕೆ ದಾದರ್ ಸ್ಟೇಷನ್ನಿನ ಬ್ರಿಡ್ಜ್ ಹತ್ತುವಾಗ ಮತ್ತೆ ಅದೇ ಪಾಡು. ಊರಿನವರು ಇದನ್ನು ಗಾಳಿ-ನೀರಿನ ಗುಣ ಎನ್ನುತ್ತಾರೆ, ಇಲ್ಲಿಯವರು ಪೊಲ್ಯೂಷನ್ ಎಂದು ಮುಗಿಸುತ್ತಾರೆ. ತಾನಾಗಿ ಒದಗಿಬಂದ ಒಂದು ಒಳ್ಳೆಯ ಪರೀಕ್ಷೆಯನ್ನು ಇಬ್ಬರೂ ಸೇರಿ ಹಾಳುಮಾಡುತ್ತಿದ್ದಾರೆ ಎಂಬುದು ನನ್ನ ಅನಿಸಿಕೆ.

ಎರಡೂ ಕಡೆಯ ಪದ್ಧತಿಯಲ್ಲಿ ಒಂದೊಂದು ಊನವಿದೆ. ಊರಿನ ಡಾಕ್ಟರಿಗೆ ಮೂರು ತಲೆಮಾರು ಗೊತ್ತು, ಅಜ್ಜಿಗೆ ಬಚ್ಚಲೊಲೆಯ ಹೊಗೆಯಿಂದ ಕೆಮ್ಮು ಬಂದದ್ದೂ ಗೊತ್ತು. ಆದರೆ ಅಳೆಯುವ ರೂಢಿ ಕಡಿಮೆ. ನೆಬ್ಯುಲೈಸರ್ ಹಿಡಿಸಿ, ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟು ಕಳಿಸಿದರೆ ಆಯಿತು. ಸ್ಟೆರಾಯ್ಡಿಗೆ ಅಸ್ತಮಾ ಅಷ್ಟೇ ಅಲ್ಲ, ಶ್ವಾಸಕೋಶದ ಇತರ ಕೆಲವು ಊತಗಳೂ ತಾತ್ಕಾಲಿಕವಾಗಿ ತಗ್ಗುತ್ತವೆ. ಹಾಗಾಗಿ ಸೂಜಿಗೆ ಬಗ್ಗಿತು ಎಂದ ಮಾತ್ರಕ್ಕೆ ಅದು ಅಸ್ತಮಾ ಎನ್ನುವಂತಿಲ್ಲ. ಮುಂಬೈಯಲ್ಲಿ ಎಲ್ಲವನ್ನೂ ಅಳೆಯುತ್ತಾರೆ, ಪ್ಯಾಕೇಜಿನಲ್ಲೇ ಅಳೆಯುತ್ತಾರೆ. ಆದರೆ ನಿಮ್ಮ ಮಲಗುವ ಕೋಣೆಯ ಕಿಟಕಿಯ ಹೊರಗೆ ಏನಿದೆ ಎಂದು ಕೇಳಲು ಅಲ್ಲಿ ಪುರುಸೊತ್ತು ಇರುವುದು ಅಪರೂಪ.

ಭಾಷೆಯೂ ಕೈಕೊಡುತ್ತದೆ. ಕನ್ನಡದಲ್ಲಿ ಉಬ್ಬಸ ಬೇರೆ, ಏದುಸಿರು ಬೇರೆ, ಎದೆ ಬಿಗಿತ ಬೇರೆ, ಉಸಿರು ಗಂಟಲಲ್ಲೇ ಸಿಕ್ಕಿಕೊಂಡಂತಾಗುವುದು ಬೇರೆ. ಒಂದೊಂದೂ ಡಾಕ್ಟರಿಗೆ ಒಂದೊಂದು ಸುಳಿವು. ಮರಾಠಿಯಲ್ಲಿ ಹೇಳಲು ಹೋಗಿ ನಾವು “ಮಲಾ ದಮಾ ಆಹೇ” ಎಂದುಬಿಡುತ್ತೇವೆ. ಅಂದರೆ ‘ನನಗೆ ಅಸ್ತಮಾ ಇದೆ’ ಎಂದು ನಾವೇ ಬಾಯಾರೆ ಒಪ್ಪಿಕೊಂಡಂತಾಯಿತು, ಕೇಸ್ ಪೇಪರಿನ ಮೇಲೂ ಅದೇ ಬರುತ್ತದೆ. “ಜಿನಾ ಚಢತಾನಾ ದಮ್ ಲಾಗತೋ”, ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ಎಂದಷ್ಟೇ ಹೇಳಿ. ಕಾಯಿಲೆಯ ಹೆಸರು ಅವರು ಇಡಲಿ.

ಇನ್ನು ಊರಿನ ಪರೀಕ್ಷೆಯ ವಿಷಯ. ಹೊರಡುವ ಮುಂಚೆ ಇಲ್ಲೇ ಒಂದು ಸ್ಪೈರೊಮೆಟ್ರಿ, ಅಂದರೆ ಕೊಳವೆಗೆ ಊದಿಸಿ ಉಸಿರಿನ ಪ್ರಮಾಣ-ವೇಗ ಅಳೆಯುವ ಪರೀಕ್ಷೆ, ಮಾಡಿಸಿ. ಇನ್‌ಹೇಲರ್ ಇದ್ದರೆ ಎಷ್ಟು ಗಂಟೆ ಮೊದಲು ನಿಲ್ಲಿಸಬೇಕೆಂದು ಲ್ಯಾಬಿನಲ್ಲೇ ಕೇಳಿಕೊಳ್ಳಿ, ಬೆಳಿಗ್ಗೆ ಎಳೆದುಕೊಂಡು ಹೋದರೆ ಫಲಿತಾಂಶ ಸುಳ್ಳಾಗುತ್ತದೆ. ದೊಡ್ಡವರು ಸುಮಾರು 6 ಸೆಕೆಂಡಾದರೂ ಬಿಡದೆ ಊದಬೇಕು, ಸರಿಯಾದ ಊದು ಕನಿಷ್ಠ ಮೂರಿರಬೇಕು, ಅದರಲ್ಲಿ ಉತ್ತಮವಾದ ಎರಡರ ನಡುವೆ 150 ಮಿಲಿಲೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಂತರ ಶ್ವಾಸನಾಳ ಅಗಲಿಸುವ ಸಾಲ್ಬುಟಮಾಲ್ ಔಷಧಿ ಕೊಟ್ಟು ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸಬೇಕು. ಜನಜಂಗುಳಿಯ ಲ್ಯಾಬುಗಳಲ್ಲಿ ಈ ಎರಡನೇ ಸುತ್ತೇ ಹಾರಿಹೋಗುವುದುಂಟು. ಚೀಟಿಯಲ್ಲಿ ಬರೆಸಿಕೊಂಡು ಹೋಗಿ.

ಜೊತೆಗೆ, ಊದುವ ಗರಿಷ್ಠ ವೇಗವನ್ನು ಮನೆಯಲ್ಲೇ ಅಳೆಯುವ ಒಂದು ಪೀಕ್ ಫ್ಲೋ ಮೀಟರ್ ಕೊಳ್ಳಿ. ಪ್ಲಾಸ್ಟಿಕ್ ಕೊಳವೆ, ಬದಿಯಲ್ಲಿ ಜಾರುವ ಮುಳ್ಳು, ಅಷ್ಟೇ. ನಿಂತುಕೊಂಡು ಪೂರ್ತಿ ಉಸಿರೆಳೆದು, ತುಟಿ ಬಿಗಿಹಿಡಿದು, ಒಂದೇ ಏಟಿಗೆ ಊದಬೇಕು. ನಾಲಿಗೆ ತೂತಿಗೆ ಅಡ್ಡ ಬಂದರೆ ಅಥವಾ ಬೆರಳು ಮುಳ್ಳಿಗೆ ತಾಗಿದರೆ ಅಂಕಿ ಇಳಿಯುತ್ತದೆ. ಉಗುಳುವಂತೆ ಕೆನ್ನೆಯಿಂದ ಊದಿದರೆ ಸುಮ್ಮನೆ ಏರುತ್ತದೆ. ಮೂರು ಸಲ ಊದಿ ದೊಡ್ಡದನ್ನು ಬರೆದುಕೊಳ್ಳಿ. ಇಲ್ಲಿ ಎರಡು ವಾರ, ಊರಲ್ಲಿ ಎರಡು ವಾರ, ಬೆಳಿಗ್ಗೆ-ರಾತ್ರಿ, ಅದೇ ಮೀಟರಿನಲ್ಲಿ. ಬೆಳಿಗ್ಗೆ 320, ರಾತ್ರಿ 400 ಎಂದರೆ ವ್ಯತ್ಯಾಸ 80, ಸರಾಸರಿ 360, ಶೇ. 22ರಷ್ಟು ಏರಿಳಿತ. ಎರಡು ವಾರದ ಸರಾಸರಿ ಏರಿಳಿತ ಶೇ. 10 ದಾಟಿದರೆ ದೊಡ್ಡವರಲ್ಲಿ ಅಸ್ತಮಾದ ಅನುಮಾನ ಬಲವಾಗುತ್ತದೆ. ಹೋಟೆಲಿನ ತಂದೂರ್ ಮುಂದೆ, ಬೇಕರಿಯ ಹಿಟ್ಟಿನ ಧೂಳಿನಲ್ಲಿ ದುಡಿಯುವವರು ಕೆಲಸದ ದಿನ ನಾಲ್ಕು ಸಲ ಅಳೆಯಬೇಕು. ನಡೆಯುತ್ತಿರುವ ಔಷಧಿ ಎರಡೂ ಕಡೆ ಒಂದೇ ಇರಲಿ. ಊರಲ್ಲಿ ನಡುವೆ ಒಂದು ಸ್ಟೆರಾಯ್ಡ್ ಸೂಜಿ ಬಿದ್ದರೆ ಇಷ್ಟೂ ಲೆಕ್ಕ ನೀರಲ್ಲಿ ಹೋಮ.

ಮೀಟರಿನ ಅಂಕಿ ಸರಿಯಾಗಿದ್ದೂ ಏದುಸಿರು ನಿಲ್ಲದಿದ್ದರೆ? ಆಗ ಪಾರಿವಾಳದ ಮೇಲೆ ಅನುಮಾನ. ಮುಂಬೈಯ ಫ್ಲ್ಯಾಟುಗಳಲ್ಲಿ ಬಾಕ್ಸ್ ಗ್ರಿಲ್, ಏಸಿಯ ಹೊರಗಿನ ಪೆಟ್ಟಿಗೆ, ಬಚ್ಚಲಿನ ಡಕ್ಟ್, ಎಲ್ಲ ಅದರದ್ದೇ. ಹಿಕ್ಕೆ-ಗರಿಯ ಪುಡಿ ವರ್ಷಗಟ್ಟಲೆ ಒಳಹೋದರೆ ಕೆಲವರಿಗೆ ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಎಂಬ ಶ್ವಾಸಕೋಶದ ಊತ ಬರುತ್ತದೆ. 2025ರ ಆಗಸ್ಟಿನಲ್ಲಿ ಮಹಾನಗರಪಾಲಿಕೆ ಪಾರಿವಾಳಗಳಿಗೆ ಕಾಳು ಹಾಕುವ ಜಾಗವಾದ ದಾದರ್ ಕಬೂತರ್‌ಖಾನೆಗೆ ಟಾರ್ಪಾಲು ಹೊದಿಸಿದಾಗ ಎದ್ದ ಗಲಾಟೆಯಲ್ಲಿ ಧರ್ಮ-ರಾಜಕೀಯದ ಮಾತೇ ಹೆಚ್ಚಾಯಿತು, ಕಿಟಕಿಯ ಗ್ರಿಲ್ಲಿನ ಮಾತು ಕೇಳಿಸಿದ್ದು ಕಡಿಮೆ. 2017ರಲ್ಲಿ ಪ್ರಕಟವಾದ, ದೇಶದ 27 ಕೇಂದ್ರಗಳ 1,084 ಐಎಲ್‌ಡಿ (ಶ್ವಾಸಕೋಶದ ಅಂಗಾಂಶವೇ ಊದಿಕೊಳ್ಳುವ ಅಥವಾ ಗಟ್ಟಿಯಾಗುವ ಕಾಯಿಲೆಗಳ ಗುಂಪು) ರೋಗಿಗಳ ದಾಖಲೆಯಲ್ಲಿ ಶೇ. 47 ಮಂದಿಗೆ ಇದ್ದದ್ದು ಇದೇ ಕಾಯಿಲೆ. ಅಲ್ಲಿ ಕಾರಣಗಳ ಸಾಲಿನಲ್ಲಿ ಏರ್ ಕೂಲರಿನ ಹೆಸರೂ ದೊಡ್ಡದಾಗಿಯೇ ಬಂದಿತ್ತು. ಊರೂ ಪೂರ್ತಿ ನಿರಪರಾಧಿಯಲ್ಲ: ಮಳೆಗೆ ನೆಂದು ಬೂಸ್ಟು ಹಿಡಿದ ಹುಲ್ಲಿನಿಂದಲೂ ಇದೇ ಬರುತ್ತದೆ.

ಇದರ ಗುರುತು ಬೇರೆ. ಸ್ಪೈರೊಮೆಟ್ರಿಯಲ್ಲಿ ಸಾಮಾನ್ಯವಾಗಿ ಅನುಪಾತ (ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿಗೂ ಒಟ್ಟು ಊದಿದ ಗಾಳಿಗೂ ಇರುವ ಪ್ರಮಾಣ) ಸರಿ ಇದ್ದು, ಎಫ್‌ವಿಸಿ, ಅಂದರೆ ಒಟ್ಟು ಊದಿದ ಗಾಳಿ, ಕಡಿಮೆ ಬರುತ್ತದೆ. ಕೂತಾಗ ಆಕ್ಸಿಮೀಟರಿನಲ್ಲಿ 97 ಇದ್ದದ್ದು ಆರು ನಿಮಿಷ ನಡೆದರೆ 91ಕ್ಕೆ ಇಳಿಯಬಹುದು. ಆರಂಭದಲ್ಲಿ ಎಕ್ಸ್‌ರೇ ಸ್ವಚ್ಛವಾಗಿಯೇ ಇರಬಹುದು. ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ದಾಟುತ್ತದೆ ಎಂದು ಅಳೆಯುವ ಡಿಎಲ್‌ಸಿಒ ಮತ್ತು ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್ ಆದ ಎಚ್‌ಆರ್‌ಸಿಟಿ ಬೇಕಾಗುವುದು ಇಲ್ಲಿ. ಎಚ್‌ಆರ್‌ಸಿಟಿಗೆ ಕಾಂಟ್ರಾಸ್ಟ್ ಬೇಡ, ಆದರೆ ಉಸಿರೆಳೆದು ಒಮ್ಮೆ, ಪೂರ್ತಿ ಬಿಟ್ಟು ಒಮ್ಮೆ ತೆಗೆಯಬೇಕು. ಬಿಟ್ಟಾಗ ತೆಗೆದ ಚಿತ್ರದಲ್ಲೇ ಗಾಳಿ ಸಿಕ್ಕಿಕೊಂಡ ಜಾಗ ಎದ್ದು ಕಾಣುವುದು. ಚೀಟಿಯಲ್ಲಿ ಬರೆಯದಿದ್ದರೆ ಅದು ಬಿಟ್ಟುಹೋಗಬಹುದು.

ಕ್ಷಯ ಹೆಚ್ಚಿರುವ ನಗರದಲ್ಲಿ ಎಕ್ಸ್‌ರೇಯಲ್ಲಿ ಮಚ್ಚೆ ಕಂಡರೆ ಟಿಬಿ ಅನುಮಾನಿಸುವುದು ಸರಿಯೇ. ಆದರೆ ಆರು ತಿಂಗಳ ಎಕೆಟಿ (ಟಿಬಿ ಔಷಧಿ) ಶುರುವಾಗುವ ಮುಂಚೆ, ಟಿಬಿ ರೋಗಾಣುವಿನ ಜೀನ್ ಹುಡುಕುವ ಕಫದ ಪರೀಕ್ಷೆ ಸಿಬಿನ್ಯಾಟ್ ಆಗಿದೆಯೇ ಎಂದು ಕೇಳಿ.

ಉಳಿದ ಪರೀಕ್ಷೆಗಳಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಇಸಿಜಿ, ಎಕೊ ಅಗ್ಗದಿಂದ ಶುರುಮಾಡಿ ಮಾಡಿಸುವಂಥವು. ಮಲಗಿದರೆ ಉಸಿರು ಕಟ್ಟಿ ಎರಡು ದಿಂಬು ಬೇಕಾಗುತ್ತಿದ್ದರೆ ಹೃದಯ ಮೊದಲು. ಉಸಿರೆಳೆಯುವಾಗ ಗಂಟಲು ಬಿಗಿದು, ಇನ್‌ಹೇಲರಿಗೂ ಬಗ್ಗದೆ, ನಿಮಿಷಗಳಲ್ಲಿ ತಾನೇ ಬಿಡುತ್ತಿದ್ದರೆ ಧ್ವನಿಪೆಟ್ಟಿಗೆ ನೋಡಲು ಇಎನ್‌ಟಿ. ರಾತ್ರಿ ಬಸ್ಸಿನಲ್ಲಿ ಊರು ತಲುಪಿದ ಮೇಲೆ ಒಂದೇ ಕಾಲು ಊದಿ ಹಠಾತ್ತಾಗಿ ಉಸಿರು ಕಟ್ಟಿದರೆ, ರಕ್ತ ಕೆಮ್ಮಿದರೆ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ ಮೀಟರ್ ಪಕ್ಕಕ್ಕಿಟ್ಟು ನೇರ ಕ್ಯಾಶುವಾಲ್ಟಿಗೆ.

ಪಾರಿವಾಳವೇ ಕಾರಣ ಎಂದಾದರೆ ನೆಟ್ ಹಾಕಿಸುವುದು ಅರ್ಧ ಕೆಲಸ. ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬಾರದು, ನೀರು ಚಿಮುಕಿಸಿ ನೆನೆಸಿ ಕೆರೆಯಬೇಕು, ಅದೂ ರೋಗಿ ಮನೆಯಲ್ಲಿ ಇಲ್ಲದಾಗ, ಬೇರೆಯವರು ಎನ್95 ಕಟ್ಟಿಕೊಂಡು. ಹಕ್ಕಿ ಹೋದ ಮೇಲೂ ಅದರ ಪುಡಿ ಪರದೆ, ಹಾಸಿಗೆಗಳಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ. ಆದ್ದರಿಂದ ನೆಟ್ ಹಾಕಿದ ವಾರಕ್ಕೇ ಮತ್ತೆ ಊದಿ ನೋಡಿ “ಏನೂ ಬದಲಾಗಿಲ್ಲ” ಎಂದು ಕಾರಣವನ್ನೇ ಕೈಬಿಡಬೇಡಿ.